ಕನಕಳ ‘ಹೂಂ’

ಫೋನ್ ಹೊಡೆದುಕೊಂಡರೆ ನನ್ನ ತಂಗಿ ಕನಕ ಮೊದಲು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದಳು, ಆಮೇಲೆ ಎತ್ತುತ್ತಿದ್ದಳು. ಬೇರೆಯವರ ಕಣ್ಣಿಗೆ ಇದು ಬೀಳುತ್ತಿರಲಿಲ್ಲ. ನನ್ನ ಕಣ್ಣಿಗೆ ಬೀಳುತ್ತಿತ್ತು. ಹಿರಿಯೂರಿನಲ್ಲಿ ಚಿಕ್ಕವಳಿದ್ದಾಗ ಪರೀಕ್ಷೆಗೆ ಹೊರಡುವ ಮುಂಚೆ ಲಂಗಕ್ಕೆ ಹೀಗೇ ಕೈ ಒರೆಸಿಕೊಳ್ಳುತ್ತಿದ್ದಳು. ಆಗ ಪರೀಕ್ಷೆ ಮುಗಿದರೆ ಹೆದರಿಕೆಯೂ ಮುಗಿಯುತ್ತಿತ್ತು. ಮರ್ರಿ ಬ್ರಿಜ್ ಊರಿನ ವಕೀಲರ ಆಫೀಸಿನಲ್ಲಿ ತರಬೇತಿಗೆ ಸೇರಿದ ಮೇಲೆ ಮಾತ್ರ ಅದು ಮುಗಿಯಲಿಲ್ಲ. ದಿನಾ ಬೆಳಿಗ್ಗೆ ಹೊಸದಾಗಿ ಶುರುವಾಗುತ್ತಿತ್ತು.

ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಚಿತ್ರದುರ್ಗದ ಕಡೆಯ ಅದಿರು ಲಾರಿಗಳ ಕೆಳಗೆ ಮಲಗಿ ಡೀಸೆಲ್ ಇಂಜಿನ್ ಕೆಲಸ ಕಲಿತೆ. ಆ ಕೆಲಸವೇ ನನ್ನನ್ನು ಆಸ್ಟ್ರೇಲಿಯಾದ ಪರ್ತ್‌ಗೆ ತಂದುಹಾಕಿತು, ಆಮೇಲೆ ಡ್ರೈವರ್ ಸೀಟಿಗೂ ಹತ್ತಿಸಿತು. ಅಲ್ಲಿಯ ಕನ್ನಡದವರೆಲ್ಲ ಗಣಿ ಕಂಪನಿಗಳ ಇಂಜಿನಿಯರುಗಳು, ಜಿಯಾಲಜಿಸ್ಟುಗಳು. ಕನ್ನಡ ಸಂಘದ ಊಟದಲ್ಲಿ ‘ಯಾವ ಕಂಪನಿ ನೀವು?’ ಅಂತ ಕೇಳಿದರೆ ‘ಲಾರಿ ಕಂಪನಿ’ ಅನ್ನುತ್ತೇನೆ. ಮಕ್ಕಳ ಸ್ಕೂಲಿಗೋಸ್ಕರ ಪರ್ತ್‌ನ ವಿಲೆಟನ್ ಬಡಾವಣೆಯಲ್ಲಿ ಮನೆ ಮಾಡಿ ಹೆಂಡತಿ ವಿಜಯಳನ್ನು ಅಲ್ಲಿರಿಸಿ, ನಾನು ರಸ್ತೆಯ ಮೇಲಿರುತ್ತೇನೆ. ಫ್ರೀಮ್ಯಾಂಟಲ್ ಬಂದರಿನಲ್ಲಿ ಕಂಟೇನರ್ ಏರಿಸಿಕೊಂಡು, ಮರವೇ ಇಲ್ಲದ ನಲ್ಲರ್ಬಾರ್ ಬಯಲನ್ನು ಪೂರ್ತಿ ದಾಟಿ, ಅಡಿಲೇಡ್‌ನಲ್ಲಿ ಇಳಿಸಿ, ಅಲ್ಲಿಂದ ಮತ್ತೊಂದನ್ನು ಹೇರಿಕೊಂಡು ವಾಪಸ್ಸು. ಈ ಬರಹಕ್ಕೆ ನನ್ನ ಕತೆ ಇಷ್ಟು ಸಾಕು.

ನಮ್ಮ ಮನೆಯಲ್ಲಿ ಓದಿದವಳು ಕನಕ. ಲಾ ಮುಗಿಸಿ ಹಿರಿಯೂರು ಕೋರ್ಟಿನಲ್ಲಿ ಒಬ್ಬ ಸೀನಿಯರ್ ವಕೀಲರ ಹಿಂದೆ ಫೈಲು ಹೊತ್ತು ನಿಂತಳು. ಅಲ್ಲಿ ಜೂನಿಯರ್‌ಗೆ ಬಾಯಿಲ್ಲ. ಸೀನಿಯರ್ ಏನು ಅಂದರೂ ‘ಸರಿ ಸಾರ್, ಆಯ್ತು ಸಾರ್’. ‘ಹಿಂಗೇ ನಿಂತ್ರೆ ಕಾಲಿಗೆ ಬೇರು ಬರುತ್ತೆ, ಇಲ್ಲಿಗೆ ಬಾ’ ಅಂತ ನಾನೇ ಹಟ ಮಾಡಿ ಕರೆಸಿಕೊಂಡೆ. ಆದರೆ ಅಲ್ಲಿಯ ಲಾ ಇಲ್ಲಿ ನಡೆಯುವುದಿಲ್ಲ. ಬ್ರಿಸ್ಬೇನ್‌ನ ಸೇಂಟ್ ಲೂಸಿಯಾದ ಯೂನಿವರ್ಸಿಟಿಯಲ್ಲಿ ಇಲ್ಲಿಯ ಪಾಠಗಳನ್ನು ಮತ್ತೆ ಮೊದಲಿಂದ ಓದಿದಳು. ಹಗಲು ಫೆರ್ರಿ ಹತ್ತಿ ಕ್ಲಾಸಿಗೆ, ಸಂಜೆ ಪಂಜಾಬಿ ಹೋಟೆಲಿನಲ್ಲಿ ರೊಟ್ಟಿ ಲಟ್ಟಿಸುವುದಕ್ಕೆ. ಓದು ಮುಗಿದ ಮೇಲೂ ಒಂದು ಬಾಗಿಲು ಉಳಿದಿತ್ತು: ಯಾರಾದರೂ ವಕೀಲರ ಕೈಕೆಳಗೆ ತರಬೇತಿ ಆಗಬೇಕು, ಅವರು ‘ಇವಳು ಯೋಗ್ಯಳು’ ಅಂತ ಸಹಿ ಹಾಕಬೇಕು, ಆಗ ಕೋರ್ಟು ಹೆಸರು ಸೇರಿಸಿಕೊಳ್ಳುತ್ತದೆ. ಸಹಿ ಇಲ್ಲದಿದ್ದರೆ ಓದಿದ್ದೆಲ್ಲ ನೀರಿಗೆ. ವೀಸಾ ಮುಗಿಯುತ್ತದೆ, ಮತ್ತೆ ಹಿರಿಯೂರು, ಮತ್ತೆ ಆ ಸೀನಿಯರ್ ಬೆನ್ನು.

ಬ್ರಿಸ್ಬೇನ್‌ನಲ್ಲಿ ಯಾರೂ ತೆಗೆದುಕೊಳ್ಳಲಿಲ್ಲ, ಪರ್ತ್‌ನಲ್ಲೂ ಇಲ್ಲ. ಕೊನೆಗೆ ಕರೆದದ್ದು ಅಡಿಲೇಡ್‌ನಿಂದ ಒಂದು ಗಂಟೆ ಆಚೆ, ನದಿ ದಂಡೆಯ ಮರ್ರಿ ಬ್ರಿಜ್‌ನ ಒಂದು ಸಣ್ಣ ಆಫೀಸು. ಸಿಟಿಯ ಹುಡುಗರು ಯಾರೂ ಅಲ್ಲಿಗೆ ಹೋಗಲು ಒಪ್ಪಿರಲಿಲ್ಲ, ಅದಕ್ಕೆ ಇವಳಿಗೆ ಸಿಕ್ಕಿತು. ಅದು 2014.

ಆ ಆಫೀಸಿನ ಒಡತಿ ಮಿಸೆಸ್ ಲಿಂಡ್ನರ್. ಅರವತ್ತು ದಾಟಿದ ಹೆಂಗಸು, ಬೇಸಿಗೆಯಲ್ಲೂ ಉಣ್ಣೆಯ ಕಾರ್ಡಿಗನ್ನು. ಕೂಗಾಡುವವರನ್ನು ಕಂಡರೆ ನನಗೆ ಹೆದರಿಕೆಯಿಲ್ಲ, ಕೂಗಾಟಕ್ಕೆ ಕೂಗಾಟ ಅಂತ ನಿಂತುಬಿಡುತ್ತೇನೆ. ಈಕೆ ಕೂಗುವವಳಲ್ಲ. ತಪ್ಪು ಕಂಡರೆ ಕನ್ನಡಕ ತೆಗೆದು ಮೇಜಿನ ಮೇಲೆ ಇಡುತ್ತಾಳೆ, ಅಷ್ಟೇ.

‘ಅಣ್ಣ, ಆ ಕನ್ನಡಕ ಇಡೋ ಸದ್ದು ಇದೆಯಲ್ಲ, ಟಕ್ ಅಂತ, ಅದು ನನ್ನ ಕನಸಲ್ಲೂ ಬರುತ್ತೆ’ ಅಂದಿದ್ದಳು ಕನಕ.

‘ಬೈಯಲ್ವಾ?’

‘ಬೈದ್ರೆ ಎಷ್ಟೋ ವಾಸಿ.’

ಅವಳು ಹೇಳಿದ್ದ ಇನ್ನೊಂದು ಮಾತು ನನಗೆ ಚೆನ್ನಾಗಿ ನೆನಪಿದೆ. ಪೋರ್ಟ್ ಅಡಿಲೇಡ್‌ನಲ್ಲಿ ಲಾರಿ ನಿಲ್ಲಿಸಿ, ಅವಳು ಡಬ್ಬಿಯಲ್ಲಿ ತಂದ ಚಿತ್ರಾನ್ನ ತಿನ್ನುತ್ತಾ ಕೂತಿದ್ದೆ. ಇಲ್ಲಿಯ ವಕೀಲ ಎದುರು ಪಾರ್ಟಿಯ ವಕೀಲನಿಗೆ ಮಾತು ಕೊಟ್ಟರೆ ಅದು ಬಾಂಡ್ ಪೇಪರ್ ಇದ್ದ ಹಾಗಂತೆ. ಬಾಯಲ್ಲಿ ಅಂದರೂ ಅಷ್ಟೇ. ನಡೆಸದೇ ಹೋದರೆ ವಕೀಲಿಯೇ ಹೋಗಬಹುದು. ಲಿಂಡ್ನರ್ ಮೊದಲ ದಿನವೇ ಅದನ್ನು ಹೇಳಿ, ‘ನಿನಗೆ ಇನ್ನೂ ಮಾತು ಕೊಡೋ ಅಧಿಕಾರ ಇಲ್ಲ. ಏನೇ ಇದ್ರೂ ನನ್ನನ್ನ ಕೇಳು’ ಅಂದಿದ್ದಳಂತೆ.

‘ಹಂಗಾದ್ರೆ ನಮ್ಮಪ್ಪ ಇಲ್ಲಿ ವಕೀಲ ಆಗಿದ್ರೆ ಜೈಲಲ್ಲೇ ಇರ್ತಿದ್ದ ಬಿಡು. ದಿನಾ ಒಂದು ಮಾತು ಕೊಡ್ತಿದ್ದ’ ಅಂದೆ.

ಅವಳು ನಗಲಿಲ್ಲ. ಚಿತ್ರಾನ್ನ ಮುಟ್ಟಿಯೂ ಇರಲಿಲ್ಲ. ಬೆಳಿಗ್ಗೆ ತಿಂದರೆ ಆಫೀಸಿಗೆ ಹೋಗುವ ಮುಂಚೆ ವಾಂತಿಯಾಗುತ್ತದೆ ಅಂದಳು. ಕೆನ್ನೆಯೆಲ್ಲ ಒಳಗೆ ಹೋಗಿತ್ತು. ‘ಬಿಟ್ಟು ಬಾ, ಪರ್ತ್‌ನಲ್ಲಿ ಇರು’ ಅನ್ನಬೇಕು ಅಂತ ನಾಲಿಗೆಯ ತುದಿಗೆ ಬಂತು. ಅನ್ನಲಿಲ್ಲ.

ನಮ್ಮಪ್ಪನ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ಅಪ್ಪ ಬಸ್ ಕಂಡಕ್ಟರ್. ಡ್ಯೂಟಿ ಮುಗಿಸಿ ಬಂದು ಕೈಕಾಲು ತೊಳೆದು ಕೂತರೆ ಆ ದಿನ ಬಸ್ಸಿನಲ್ಲಿ ನಡೆದದ್ದನ್ನೆಲ್ಲ ಹೇಳಬೇಕು. ಕೇಳುವವರು ಹೂಂಗುಟ್ಟಬೇಕು. ಹೂಂ ನಿಂತರೆ, ‘ಏನು, ಗೋಡೆಗೆ ಹೇಳ್ತಿದೀನಾ?’ ಅನ್ನುತ್ತಿದ್ದ. ನಾನು ಮಧ್ಯದಲ್ಲಿ ಎದ್ದು ಹೋಗುತ್ತಿದ್ದೆ. ಕನಕ ಮಾತ್ರ ನಿದ್ದೆಗಣ್ಣಿನಲ್ಲೂ ಹೂಂ, ಹೂಂ ಅನ್ನುತ್ತಿದ್ದಳು. ಮುಂದೆ ನಾನು ಲಾರಿ ಹತ್ತಿದ ಮೇಲೂ ಅದೇ. ಆ ಬಯಲಿನಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಎಲ್ಲೋ ಒಂದೊಂದು ರೋಡ್‌ಹೌಸಿನಲ್ಲಿ, ಅಂದರೆ ಹೆದ್ದಾರಿ ಪಕ್ಕದ ಡೀಸೆಲ್ ಬಂಕು-ಹೋಟೆಲಿನಲ್ಲಿ. ಅಲ್ಲಿ ನಿಂತು ಅವಳಿಗೆ ಫೋನ್ ಹಚ್ಚಿ, ದಾರಿಯಲ್ಲಿ ಅಡ್ಡ ಬಂದ ಕಾಡು ಒಂಟೆ, ಒಡೆದ ಟೈರು, ಡಿಪೋದ ಮ್ಯಾನೇಜರನ ಮುಖ, ಎಲ್ಲ ಹೇಳುತ್ತಿದ್ದೆ. ಆ ಕಡೆಯಿಂದ ಹೂಂ, ಹೂಂ. ಅವಳು ಓದುತ್ತಿದ್ದಳೋ, ಅಡುಗೆ ಮಾಡುತ್ತಿದ್ದಳೋ ಗೊತ್ತಿಲ್ಲ. ಆ ಹೂಂ ಇದ್ದರೆ ಸಾಕಿತ್ತು, ಮುಂದಿನ ರೋಡ್‌ಹೌಸಿನವರೆಗೆ ಲಾರಿ ಓಡುತ್ತಿತ್ತು.

ಮುಂದಿನ ವರ್ಷ ಫೆಬ್ರವರಿಯಲ್ಲಿ, ಲಿಂಡ್ನರ್ ಸಹಿ ಹಾಕುವ ಕಾಲ ಹತ್ತಿರ ಬಂದಾಗ, ಆ ಘಟನೆ ನಡೆಯಿತು.

ಆ ಆಫೀಸಿನ ಕಕ್ಷಿದಾರ ಕೆವಿನ್ ಅಂತ ಒಬ್ಬ ಮುದುಕ. ನದಿ ದಂಡೆಯ ಒಂದು ಶೆಡ್ಡಿನಲ್ಲಿ ದೋಣಿ ಇಂಜಿನ್ ರಿಪೇರಿ ಮಾಡುವವನು. ಶೆಡ್ಡು ಬಾಡಿಗೆಯದು, ಕರಾರು ಮುಗಿಯಲು ಇನ್ನೂ ವರ್ಷದ ಮೇಲಿತ್ತು. ಜಾಗದ ಮಾಲೀಕನಿಗೆ ಅಲ್ಲಿ ಪ್ರವಾಸಿಗರ ಮನೆ ಕಟ್ಟಿಸುವ ಆಸೆ. ಮುದುಕನನ್ನು ಬೇಗ ಏಳಿಸಬೇಕು. ಮಾಲೀಕನ ಪರವಾಗಿ ಅಡಿಲೇಡ್ ಸಿಟಿಯ ವಿಟೇಕರ್ ಅನ್ನುವ ವಕೀಲ ಫೋನ್ ಮಾಡಿದ. ಲಿಂಡ್ನರ್ ಕೋರ್ಟಿಗೆ ಹೋಗಿದ್ದಳು. ಕನಕ ಕೈ ಒರೆಸಿಕೊಂಡು ಎತ್ತಿದಳು.

ವಿಟೇಕರ್ ದೊಡ್ಡ ವಕೀಲ, ಮಾತು ಮಳೆ ಸುರಿದ ಹಾಗೆ. ಒಂದೊಂದನ್ನೂ ಹೇಳುತ್ತಾ ಹೋದ. ನಿಮ್ಮವನು ಈಸ್ಟರ್ ಹೊತ್ತಿಗೆ ಶೆಡ್ಡು ಬಿಡಬೇಕು. ‘ಯೆಸ್’ ಅಂದಳು ಕನಕ. ಒಳಗಿನ ಕಬ್ಬಿಣದ ಕ್ರೇನು ಅಲ್ಲೇ ಬಿಡಬೇಕು. ‘ಯೆಸ್.’ ಪರಿಹಾರ ಅಂತ ಏನೂ ಕೇಳಕೂಡದು. ‘ಯೆಸ್, ಓಕೆ.’ ಹಾಗಾದ್ರೆ ಇದು ತೀರ್ಮಾನ ಆಯ್ತು ಅಂತ ನನ್ನ ಕಕ್ಷಿದಾರನಿಗೆ ಹೇಳ್ತೀನಿ. ‘ಓಕೆ, ಯೆಸ್.’

ಅವಳ ಮನಸ್ಸಿನಲ್ಲಿ ಅದು ಯೆಸ್ ಅಲ್ಲ, ಹೂಂ. ಕೇಳಿಸಿಕೊಂಡೆ, ಮುಂದೆ ಹೇಳಿ, ನಮ್ಮ ಮೇಡಂ ಬಂದಮೇಲೆ ಹೇಳ್ತೀನಿ ಅಂತ. ‘ಹೇಳ್ತೀನಿ’ ಅನ್ನುವುದನ್ನು ಅವಳು ಬಾಯಿಬಿಟ್ಟು ಹೇಳಲೇ ಇಲ್ಲ. ದೊಡ್ಡವರು ಮಾತಾಡುವಾಗ ಮಧ್ಯೆ ಬಾಯಿ ಹಾಕುವ ಅಭ್ಯಾಸ ಅವಳಿಗೆ ಎಲ್ಲಿಂದ ಬರಬೇಕು? ಲಿಂಡ್ನರ್ ಬಂದಾಗ, ವಿಟೇಕರ್ ಫೋನ್ ಮಾಡಿದ್ದರು, ಶೆಡ್ಡು ಬೇಗ ಬಿಡಬೇಕು ಅಂತ ಕೇಳುತ್ತಿದ್ದಾರೆ ಅಂತಷ್ಟೇ ಹೇಳಿದಳು. ಲಿಂಡ್ನರ್, ‘ಕೇಳ್ಲಿ ಬಿಡು, ಮುಂದಿನ ವಾರ ಉತ್ತರ ಕೊಡೋಣ’ ಅಂದಳು.

ಉತ್ತರ ಕೊಡುವ ಮುಂಚೆಯೇ ಕೆವಿನ್ ಬಂದ. ಬಾಗಿಲು ತಳ್ಳಿಕೊಂಡು ಬಂದವನ ಕೈಯಲ್ಲಿ ಸರ್ವೆಯವರು ನೆಡುವ ಮರದ ಗೂಟಗಳು, ತುದಿಗೆ ಗುಲಾಬಿ ಬಣ್ಣದ ಪಟ್ಟಿ ಕಟ್ಟಿದ್ದವು. ಶೆಡ್ಡಿನ ಸುತ್ತ ನೆಟ್ಟಿದ್ದನ್ನು ಕಿತ್ತುಕೊಂಡು ಬಂದಿದ್ದ. ಮಣ್ಣಿನ ಸಮೇತ ಕನಕಳ ಮೇಜಿನ ಮೇಲೆ ಎಸೆದು, ‘ನಾನು ಹೋಗ್ತೀನಿ ಅಂತ ಹೇಳೋಕೆ ನೀನ್ಯಾರು?’ ಅಂದ. ಮಾಲೀಕ ಆಗಲೇ ಕಟ್ಟಡದವನಿಗೆ ಕೆಲಸ ಒಪ್ಪಿಸಿದ್ದನಂತೆ. ಯಾರ ಮಾತಿನ ಮೇಲೆ? ಲಿಂಡ್ನರ್ ಆಫೀಸಿನ ಹುಡುಗಿಯ ಮಾತಿನ ಮೇಲೆ. ಅದೇ ದಿನ ವಿಟೇಕರ್‌ನಿಂದ ಮೇಲ್ ಬಂತು: ‘ಫೋನಿನಲ್ಲಿ ನಿಮ್ಮ ಕಚೇರಿ ಒಪ್ಪಿದಂತೆ…’

ಲಿಂಡ್ನರ್ ಕನ್ನಡಕ ತೆಗೆದು ಇಟ್ಟಳು. ಟಕ್.

‘ಒಪ್ಪಿದೆಯಾ?’

‘ಇಲ್ಲ.’

‘ಹಾಗಾದ್ರೆ ಏನಂದೆ?’

‘ಯೆಸ್ ಅಂದೆ.’

ಲಿಂಡ್ನರ್ ಮತ್ತೇನೂ ಕೇಳಲಿಲ್ಲ. ಕನಕ ಎಷ್ಟು ಬಿಡಿಸಿ ಹೇಳಿದರೂ ಅದು ಸಿಕ್ಕಿಬಿದ್ದವರ ನೆಪದ ಹಾಗೇ ಕೇಳಿಸುತ್ತಿತ್ತಂತೆ. ಯೆಸ್ ಅಂದೆ, ಆದರೆ ಅದು ಯೆಸ್ ಅಲ್ಲ ಅಂದರೆ ಯಾರು ನಂಬುತ್ತಾರೆ? ಅವಳ ಕಿವಿಗೇ ಅದು ಸುಳ್ಳಿನ ಹಾಗೆ ಕೇಳಿಸತೊಡಗಿತು.

ನಾನು ಆಗ ಅಡಿಲೇಡ್ ದಾರಿಯ ಸೆಡುನಾ ಊರಿನಲ್ಲಿ ಡೀಸೆಲ್ ಹಾಕುತ್ತಿದ್ದೆ. ಫೋನಿನಲ್ಲಿ ಅವಳ ದನಿ ಕೇಳಿದ ಕೂಡಲೇ ಪಂಪು ತೆಗೆದಿಟ್ಟೆ.

‘ಅಣ್ಣ, ಎಲ್ಲಾ ಹೋಯ್ತು ಕಣಣ್ಣ.’

ಏನು ಎತ್ತ ಅಂತ ಪೂರ್ತಿ ಹೇಳಿಸಿಕೊಂಡೆ. ಸಿಟ್ಟು ನೆತ್ತಿಗೇರಿತು, ಯಾರ ಮೇಲೆ ಅಂತ ಗೊತ್ತಾಗಲಿಲ್ಲ.

‘ಆ ವಿಟೇಕರ್ ನಿನ್ನ ಮಾತು ರೆಕಾರ್ಡ್ ಮಾಡಿದಾನಾ?’

‘ಇಲ್ಲ.’

‘ಮತ್ತೇನೇ? ನಾನು ಯೆಸ್ ಅಂದೇ ಇಲ್ಲ ಅಂದ್ಬಿಡು. ಅವನ ಬಾಯಿಗೆ ನಿನ್ನ ಬಾಯಿ. ಮುಗೀತು.’

ಅವಳು ಮೆಲ್ಲಗೆ ಅಂದಳು: ‘ತಪ್ಪು ಮಾಡಿದೋಳನ್ನ ಒಂದಿನ ಕ್ಷಮಿಸಬಹುದು ಅಣ್ಣ. ಸುಳ್ಳು ಹೇಳಿದೋಳನ್ನ ಇವರು ಯಾವತ್ತೂ ಒಳಗೆ ಬಿಡಲ್ಲ.’

‘ಗೊತ್ತಾದ್ರೆ ತಾನೇ?’

‘ನನಗೆ ಗೊತ್ತಿರುತ್ತಲ್ಲ. ಆಮೇಲೆ ಫೋನ್ ಬಂದಾಗೆಲ್ಲ ಇನ್ನೊಂದು ಹೆದರಿಕೆ ಬೇಕಾ ನನಗೆ?’

ನಾನು ಫೋನ್ ಇಟ್ಟೆ. ಆ ದಿನ ಮಿಕ್ಕ ದಾರಿಯನ್ನು ಹೇಗೆ ಓಡಿಸಿದೆನೋ ತಿಳಿಯದು. ಅವಳ ದನಿಯಲ್ಲಿ ಅಳುವಿರಲಿಲ್ಲ. ಅದೇ ನನಗೆ ಭಯ. ಅಳುವವರು ಅತ್ತು ಎದ್ದು ಕೂರುತ್ತಾರೆ. ಇವಳು ಬಾವಿಯ ಒಳಗಿಂದ ಮಾತಾಡಿದ ಹಾಗೆ ಮಾತಾಡುತ್ತಿದ್ದಳು. ಆ ಊರಿನಲ್ಲಿ ಅವಳಿದ್ದದ್ದು ಒಬ್ಬ ಮುದುಕಿಯ ಮನೆಯ ಹಿಂದಿನ ಕೋಣೆಯಲ್ಲಿ, ಹತ್ತಿರದವರು ಅಂತ ಯಾರೂ ಇಲ್ಲ. ನದಿಯಂತೂ ಪಕ್ಕದಲ್ಲೇ. ವಿಜಯಳಿಗೆ ಫೋನ್ ಮಾಡಿ, ‘ಅವಳ ಹತ್ರ ಗಂಟೆಗೊಂದ್ಸಲ ಮಾತಾಡ್ತಾ ಇರು’ ಅಂದೆ. ಯಾಕೆ ಅಂತ ಅವಳು ಕೇಳಿದಳು. ಬಾಯಿಬಿಟ್ಟು ಹೇಳಲು ನನಗಾಗಲಿಲ್ಲ.

ಮರುದಿನ ಅಡಿಲೇಡ್‌ನಲ್ಲಿ ಲೋಡ್ ಇಳಿಸಿ, ಟ್ರೇಲರ್ ಅಲ್ಲೇ ಬಿಟ್ಟು, ಲಾರಿಯ ಮುಂಭಾಗವನ್ನಷ್ಟೇ ಓಡಿಸಿಕೊಂಡು ಮಧ್ಯಾಹ್ನದ ಹೊತ್ತಿಗೆ ಮರ್ರಿ ಬ್ರಿಜ್ ಸೇರಿದೆ. ಬರಬೇಡ ಅಂದಿದ್ದಳು. ಬಂದೆ. ಆಫೀಸಿನ ಮುಂದಿನ ಬೆಂಚಿನ ಮೇಲೆ ಕೂತಿದ್ದಳು. ಕೈಯಲ್ಲಿ ಸ್ಯಾಂಡ್‌ವಿಚ್ ಇತ್ತು, ಪೊಟ್ಟಣ ಬಿಚ್ಚಿರಲಿಲ್ಲ. ನನ್ನನ್ನು ನೋಡಿ ಎದ್ದು ನಿಂತಳು.

‘ಯಾಕ್ ಬಂದೆ? ಕೂಗಾಡ್ತೀಯ ನೀನು.’

‘ಕೂಗಾಡಲ್ಲ. ಕೈಮುಗಿದು ಕೇಳ್ತೀನಿ.’

‘ಕೈಮುಗಿಯೋದು ಇನ್ನೂ ಕೆಟ್ಟದ್ದು ಅಣ್ಣ. ದಮ್ಮಯ್ಯ, ಹೋಗು.’

ಅಷ್ಟರಲ್ಲಿ ಲಿಂಡ್ನರ್ ಬಾಗಿಲಿಗೆ ಬಂದಳು. ನನ್ನ ಬೂಟು, ಹಳದಿ ಕೋಟು ಎಲ್ಲ ನೋಡಿ, ‘ಅಣ್ಣನಾ?’ ಅಂದಳು. ಕನಕ ತಲೆಯಾಡಿಸಿದಳು. ‘ಒಳಗೆ ಬನ್ನಿ. ನಿಮ್ಮ ತಂಗಿಯ ಭವಿಷ್ಯದ ಮಾತಷ್ಟೇ. ಅವಳು ಒಪ್ಪಿದ್ರೆ ನಿಮ್ಮೆದುರಿಗೇ ಆಡ್ತೀನಿ.’ ಕನಕ ಒಪ್ಪಿದಳು. ಒಪ್ಪದೆ ಏನು ಮಾಡುತ್ತಾಳೆ?

ಕೂತೆವು. ಲಿಂಡ್ನರ್ ನಿಧಾನವಾಗಿ, ನನಗೆ ಅರ್ಥವಾಗುವ ಹಾಗೆ ಮಾತಾಡಿದಳು. ನಾನು ಕೂಗಾಡಬಾರದು ಅಂತ ಹಲ್ಲು ಕಚ್ಚಿ, ಮರ್ಯಾದೆಯಿಂದ ಕೇಳಿಸಿಕೊಳ್ಳುತ್ತಿದ್ದೆ.

‘ನಿಮ್ಮ ತಂಗಿ ಕಷ್ಟಪಟ್ಟು ಕೆಲಸ ಮಾಡ್ತಾಳೆ.’

‘ಯೆಸ್’ ಅಂದೆ.

‘ಆದ್ರೆ ವಕೀಲರ ಕೆಲಸದಲ್ಲಿ ಮಾತು ಜಾರಿದ್ರೆ ಹಿಂದಕ್ಕೆ ಬರಲ್ಲ.’

‘ಯೆಸ್, ಯೆಸ್.’

‘ನಾನು ಸಹಿ ಹಾಕೋ ಸ್ಥಿತಿಯಲ್ಲಿಲ್ಲ.’

‘ಯೆಸ್.’

‘ಶುಕ್ರವಾರಕ್ಕೆ ಅವಳು ಇಲ್ಲಿಂದ ಬಿಡೋದು ಎಲ್ಲರಿಗೂ ಒಳ್ಳೇದು.’

‘ಓಕೆ, ಯೆಸ್.’

ಲಿಂಡ್ನರ್ ಉಸಿರು ಬಿಟ್ಟು ಹಿಂದಕ್ಕೆ ಒರಗಿದಳು. ‘ನೀವು ಒಪ್ಪಿದ್ದು ನನಗೆ ಸಮಾಧಾನ ಆಯ್ತು.’

‘ಒಪ್ಪಿದ್ದಾ?’ ನಾನು ಎದ್ದುಬಿಟ್ಟೆ. ಕುರ್ಚಿ ಹಿಂದಕ್ಕೆ ಬಿತ್ತು. ‘ಯಾರು ಒಪ್ಪಿದ್ದು? ನೋ! ಬ್ಲಡಿ ನೋ!’

ಪಕ್ಕದ ಕೋಣೆಯಲ್ಲಿ ಟೈಪ್ ಮಾಡುವ ಸದ್ದು ನಿಂತುಹೋಯಿತು. ಲಿಂಡ್ನರ್ ಕೈ ಕನ್ನಡಕದ ಮೇಲೆ ಹೋಯಿತು, ಆದರೆ ತೆಗೆಯಲಿಲ್ಲ.

‘ಈಗ ತಾನೇ ಯೆಸ್ ಅಂದ್ರಲ್ಲ. ಪ್ರತಿ ಮಾತಿಗೂ ಅಂದ್ರಿ.’

‘ನೀವು ಮಾತಾಡ್ತಾ ಇದ್ರಿ! ನಾನು ಕೇಳ್ತಾ ಇದ್ದೆ!’

ಮೂಲೆಯಿಂದ ಕನಕಳ ದನಿ ಬಂತು, ಬಾವಿಯ ಒಳಗಿಂದ ಅಲ್ಲ, ಅವಳದೇ ದನಿ.

‘ಇದೇ, ಮಿಸೆಸ್ ಲಿಂಡ್ನರ್. ನಾನು ಮಾಡಿದ್ದೂ ಇದೇ.’

ನನಗೆ ಮೊದಲು ಏನೂ ಅರ್ಥವಾಗಲಿಲ್ಲ. ಇವಳನ್ನು ಕೆಲಸದಿಂದ ತೆಗೆಯುತ್ತಿದ್ದಾರೆ, ಇವಳ ಮುಖ ಯಾಕೆ ಅರಳಿದೆ ಅಂತ ನೋಡುತ್ತಿದ್ದೆ. ಆಮೇಲೆ ನನ್ನದೇ ಯೆಸ್, ಯೆಸ್ ನನ್ನ ಕಿವಿಗೆ ಬಂದು ಬಡಿಯಿತು. ಬಿದ್ದ ಕುರ್ಚಿ ಎತ್ತಿ ನಿಲ್ಲಿಸಿ ಕೂತೆ.

ಲಿಂಡ್ನರ್ ನಮ್ಮಿಬ್ಬರ ಮುಖವನ್ನೂ ನೋಡಿದಳು. ‘ನಿಮ್ಮ ಮನೆಯಲ್ಲಿ ಎಲ್ಲರೂ ಹೀಗೇನಾ?’

‘ನಮ್ಮ ಊರಲ್ಲೇ ಎಲ್ಲರೂ ಹೀಗೆ’ ಅಂದಳು ಕನಕ. ‘ಅನ್ನದೇ ಇದ್ರೆ ಅವಮಾನ ಮಾಡಿದ ಹಾಗೆ.’

ಇಷ್ಟಕ್ಕೆ ಎಲ್ಲ ಸರಿಹೋಯಿತು ಅಂದುಕೊಂಡರೆ ತಪ್ಪು. ಲಿಂಡ್ನರ್ ಅಂಥ ಹೆಂಗಸಲ್ಲ. ‘ನನಗೆ ಅರ್ಥ ಆಯ್ತು. ನನಗೆ ಅರ್ಥ ಆದ್ರೆ ಪ್ರಯೋಜನ ಇಲ್ಲ. ವಿಟೇಕರ್ ಕಿವಿಗೆ ಬಿದ್ದಿದ್ದು ಯೆಸ್. ಅದನ್ನ ನೀನೇ ಬಿಡಿಸಬೇಕು, ಈಗಲೇ. ನಾನು ಪಕ್ಕದಲ್ಲಿರ್ತೀನಿ, ನಿನ್ನ ಮಾತು ಮುಗಿಯೋ ತನಕ ಬಾಯಿ ತೆರೆಯಲ್ಲ’ ಅಂದಳು. ನನ್ನ ಕಡೆ ತಿರುಗಿ, ‘ನೀವು ಹೊರಗೆ.’

ನಾನು ಹೊರಗಿನ ಗಾಜಿನ ಗೋಡೆಯ ಬಳಿ ನಿಂತೆ. ಒಂದು ಮಾತೂ ಕೇಳಿಸುತ್ತಿರಲಿಲ್ಲ, ಎಲ್ಲ ಕಾಣುತ್ತಿತ್ತು. ಕನಕ ಅಂಗೈ ಒರೆಸಿಕೊಂಡಳು. ಫೋನೆತ್ತಿ ನಂಬರ್ ಒತ್ತಿದಳು. ತುಟಿ ಸ್ವಲ್ಪ ಹೊತ್ತು ಆಡಿತು. ಆಮೇಲೆ ಆ ಕಡೆಯವನು ಶುರು ಮಾಡಿರಬೇಕು, ಇವಳ ಬಾಯಿ ಮುಚ್ಚಿತು. ಮುಚ್ಚಿಯೇ ಇತ್ತು. ಅವನು ಕೂಗಾಡುತ್ತಿದ್ದ ಅಂತ ಲಿಂಡ್ನರ್ ಹುಬ್ಬು ನೋಡಿದರೆ ಗೊತ್ತಾಗುತ್ತಿತ್ತು. ಕನಕಳ ತುಟಿ ಹೂಂ ಅನ್ನಲು ಬಂದು ಬಂದು ನಿಲ್ಲುತ್ತಿತ್ತು. ಕತ್ತು ಆಡಲಿಲ್ಲ. ಅವಳನ್ನು ಹುಟ್ಟಿದಾಗಿನಿಂದ ನೋಡಿದವನು ನಾನು, ಮತ್ತೊಬ್ಬರು ಮಾತಾಡುವಾಗ ಅವಳು ಕಲ್ಲಿನ ಹಾಗೆ ಕೂತದ್ದನ್ನು ಅವತ್ತೇ ಮೊದಲು ನೋಡಿದ್ದು. ಕುತ್ತಿಗೆಯ ನರ ಎದ್ದುಬಿಟ್ಟಿತ್ತು. ‘ಒಂದು ಹೂಂ ಬಿದ್ದರೆ ಹೋಯಿತು’ ಅಂದುಕೊಳ್ಳುತ್ತಾ ನಾನು ಗಾಜಿನ ಈಚೆ ನಿಂತಿದ್ದೆ.

ಆಮೇಲೆ ನನಗೆ ತಿಳಿದಂತೆ, ಅವಳು ಅವನಿಗೆ ಹೇಳಿದ್ದು ಇಷ್ಟು: ‘ನಾನು ಯೆಸ್ ಅಂದದ್ದು ನಿಜ. ನೀವು ಹೇಳ್ತಿರೋದು ಕೇಳಿಸ್ತು ಅನ್ನೋ ಅರ್ಥದಲ್ಲಿ ಅಂದೆ. ಒಪ್ಪೋ ಅಧಿಕಾರ ನನಗಿಲ್ಲ, ಒಪ್ಪಿಯೂ ಇಲ್ಲ. ತಪ್ಪು ತಿಳುವಳಿಕೆಗೆ ನಾನು ಕಾರಣ, ಕ್ಷಮಿಸಿ.’ ಅವನು, ‘ನಿನ್ನ ಮೇಲೆ ದೂರು ಕೊಡ್ತೀನಿ, ನೀನು ಈ ದೇಶದಲ್ಲಿ ವಕೀಲೆ ಹೇಗೆ ಆಗ್ತೀಯೋ ನೋಡ್ತೀನಿ’ ಅಂದನಂತೆ. ಅದಕ್ಕೂ ಅವಳು ಯೆಸ್ ಅನ್ನಲಿಲ್ಲ. ಆಮೇಲೆ ಲಿಂಡ್ನರ್ ಫೋನ್ ತೆಗೆದುಕೊಂಡು, ಕೆವಿನ್‌ನ ಕರಾರು ಮುಗಿಯುವವರೆಗೆ ಅವನು ಏಳುವುದಿಲ್ಲ ಅಂತ ಹೇಳಿ ಇಟ್ಟಳು.

ಶುಕ್ರವಾರ ಬಿಡುವ ಮಾತು ಅಲ್ಲಿಗೆ ನಿಂತಿತು. ಸಹಿಯ ಮಾತೂ ನಿಂತಿತು. ‘ಅವನ ದೂರು ಏನಾಗುತ್ತೋ ನೋಡೋ ತನಕ ನಾನು ಪೆನ್ನು ಮುಟ್ಟಲ್ಲ’ ಅಂದಳು ಲಿಂಡ್ನರ್.

ಅಲ್ಲಿಂದ ಶುರುವಾದದ್ದು ನಿಜವಾದ ಹೆದರಿಕೆ. ಈಸ್ಟರ್ ಬಂತು, ಹೋಯಿತು. ಕೆವಿನ್ ಶೆಡ್ಡಿನಲ್ಲೇ ಇದ್ದ, ಆದರೆ ಆಫೀಸಿಗೆ ಬಂದರೆ ಕನಕಳ ಮುಖ ನೋಡದೆ, ‘ದೊಡ್ಡವಳನ್ನ ಕರಿ’ ಅನ್ನುತ್ತಿದ್ದ. ಅವನು ಎಸೆದ ಗೂಟಗಳಲ್ಲಿ ಒಂದನ್ನು ಅವಳು ಮಣ್ಣು ಒರೆಸಿ ಫೋನಿನ ಪಕ್ಕದಲ್ಲೇ ಇಟ್ಟುಕೊಂಡಿದ್ದಳು. ಬ್ರಿಸ್ಬೇನ್‌ನಲ್ಲಿ ಅವಳ ಜೊತೆ ಓದಿದವರು ಕಪ್ಪು ಗೌನು ಹಾಕಿಕೊಂಡ ಫೋಟೋ ಕಳಿಸುತ್ತಿದ್ದರು. ಇವಳು ‘ಕಂಗ್ರಾಟ್ಸ್’ ಅಂತ ಬರೆದು ಫೋನನ್ನು ಬೋರಲು ಹಾಕುತ್ತಿದ್ದಳು. ವೀಸಾ ಮುಗಿಯುವ ತಿಂಗಳು ಹತ್ತಿರ ಬರುತ್ತಿತ್ತು. ಪೋಸ್ಟ್ ಬಂದರೆ ಹೆದರಿಕೆ, ಬರದಿದ್ದರೂ ಹೆದರಿಕೆ. ಸಂಘದಲ್ಲಿ ಒಬ್ಬರು ದೊಡ್ಡ ಇಂಜಿನಿಯರು, ‘ಏನ್ರೀ ತಿಪ್ಪೇಸ್ವಾಮಿ, ನಿಮ್ಮ ತಂಗಿ ಇನ್ನೂ ಲಾಯರ್ ಆಗಲಿಲ್ವಾ?’ ಅಂದರು. ನಾನು ಕೊಟ್ಟ ಉತ್ತರ ಇಲ್ಲಿ ಬರೆಯುವ ಹಾಗಿಲ್ಲ. ವಿಜಯ ನನ್ನ ತೋಳು ಹಿಡಿದು ಮನೆಗೆ ಎಳೆದುಕೊಂಡು ಬಂದಳು.

ಇಲ್ಲಿಯ ಚಳಿಗಾಲದಲ್ಲಿ, ಜುಲೈ ಹೊತ್ತಿಗೆ, ವಿಟೇಕರ್ ಸುಮ್ಮನಾದ. ಜಾಗದ ಮಾಲೀಕ ಕಟ್ಟಡದವನ ಜೊತೆ ಮಾತಾಡಿ ಕರಾರು ಮುಗಿಯುವವರೆಗೆ ಕಾಯಲು ಒಪ್ಪಿದನಂತೆ, ದೂರು ಬರಲೇ ಇಲ್ಲ. ಲಿಂಡ್ನರ್ ಕನಕಳನ್ನು ಕರೆದು, ‘ಈಗ ಸಹಿ ಹಾಕ್ತೀನಿ. ಆದ್ರೆ ಕೋರ್ಟಿಗೆ ಕೊಡೋ ಅರ್ಜಿಯಲ್ಲಿ ಈ ಸಂಗತಿ ಪೂರ್ತಿ ಬರೀಬೇಕು, ಯೆಸ್ ಅಂದದ್ದೂ ಸೇರಿ’ ಅಂದಳು. ದೂರೇ ಇಲ್ಲ, ಯಾರಿಗೂ ಗೊತ್ತಿಲ್ಲ, ಯಾಕೆ ಬರೆಯಬೇಕು ಅಂತ ನನಗೆ ಸಿಟ್ಟು ಬಂತು. ಕನಕಳಿಗೆ ಫೋನಿನಲ್ಲಿ ಹೇಳಿಯೂ ಹೇಳಿದೆ.

‘ಬರೆದಾಯ್ತು ಅಣ್ಣ, ಕಳಿಸಿಯೂ ಆಯ್ತು’ ಅಂದಳು.

‘ಹೆದರಿಕೆ ಆಗ್ಲಿಲ್ವಾ?’

‘ಕೈ ನಡುಗ್ತಿತ್ತು. ನಡುಗೋ ಕೈಯಲ್ಲೇ ಬರೆದೆ.’

ಅರ್ಜಿ ನೋಡುವವರು ಅವಳದನ್ನು ಮಾತ್ರ ತಡೆದಿಟ್ಟುಕೊಂಡರು. ಮತ್ತೊಂದು ವಿವರಣೆ ಕೇಳಿದರು, ಕೊಟ್ಟಳು. ಕೊನೆಗೆ ಬರಹೇಳಿದರು.

ಅಡಿಲೇಡ್‌ನ ಕೋರ್ಟಿಗೆ ನಾನು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೋದೆ. ಹೊಸ್ತಿಲಲ್ಲೇ ಕನಕ ನನ್ನನ್ನು ತಡೆದಳು. ಸೀರೆಯ ಮೇಲೆ ಕಪ್ಪು ಗೌನು, ಮುಖ ಬಿಳಿಚಿಕೊಂಡಿತ್ತು.

‘ಒಳಗೆ ಬಾಯಿ ಬಿಡಬೇಡ. ಹೂಂ ಕೂಡ ಅನ್ನಬೇಡ.’

‘ಅನ್ನಲ್ಲ ಕಣೇ.’

‘ಮಾತು ಕೊಡು.’

‘ಕೊಟ್ಟೆ.’

ಲಿಂಡ್ನರ್ ಎದ್ದು ನಿಂತು, ಇವಳನ್ನು ವಕೀಲರ ಪಟ್ಟಿಗೆ ಸೇರಿಸಿಕೊಳ್ಳಬೇಕು ಅಂತ ನ್ಯಾಯಾಧೀಶರನ್ನು ಕೇಳಿಕೊಂಡಳು. ಅವರು ತಲೆ ಬಗ್ಗಿಸಿ ಎದುರಿನ ಕಾಗದ ನೋಡಿದರು. ಆ ನೋಟ ಎಷ್ಟು ಹೊತ್ತಿತ್ತೋ. ಹೂಂ ಅನ್ನುವುದು ನನ್ನ ನಾಲಿಗೆಗೆ ಬಂತು, ನುಂಗಿಕೊಂಡೆ. ಆಮೇಲೆ ತಲೆಯೆತ್ತಿ ಅವಳ ಹೆಸರು ಕರೆದು ಪ್ರಮಾಣ ಮಾಡಿಸಿದರು. ಅವಳು ಅವರ ಮಾತು ಕೊನೆಯ ಅಕ್ಷರದವರೆಗೂ ಮುಗಿಯಲು ಬಿಟ್ಟು, ಆಮೇಲೆ ಉತ್ತರ ಹೇಳಿದಳು. ಸ್ಪಷ್ಟವಾಗಿ, ಒಂದೇ ಸಲ.

ಹೊರಗೆ ಬಂದ ಮೇಲೆ ಲಿಂಡ್ನರ್ ನನ್ನ ಕೈ ಕುಲುಕಿ ಏನೋ ಹೇಳಿದಳು. ಜನರ ಗಲಾಟೆಯಲ್ಲಿ ಸರಿಯಾಗಿ ಕೇಳಿಸಲಿಲ್ಲ. ಅಭ್ಯಾಸ ಬಲದಿಂದ ‘ಯೆಸ್, ಯೆಸ್’ ಅಂದುಬಿಟ್ಟೆ. ‘ಹ್ಞಾಂ, ಹಾಗಾದ್ರೆ ಮುಂದಿನ ಸಲ ಇವರ ಕಾರಿನ ಇಂಜಿನ್ ನೀನೇ ನೋಡ್ತೀಯ’ ಅಂದಳು ಕನಕ, ಕನ್ನಡದಲ್ಲಿ, ಕಣ್ಣೊರೆಸಿಕೊಳ್ಳುತ್ತಾ. ‘ಅವರು ಕೇಳಿದ್ದು ಅದೇ ಅಣ್ಣ. ನೀನು ಒಪ್ಪಿದೆ.’ ನೋಡಿಕೊಟ್ಟೆ. ಮಾತು ಮಾತೇ.

ಪಟ್ಟಿಗೆ ಹೆಸರು ಸೇರಿದ ಮೇಲೆ ವೀಸಾದ ಚಿಂತೆಯೂ ತೀರಿತು, ಕನಕ ಈಗಲೂ ಮರ್ರಿ ಬ್ರಿಜ್‌ನಲ್ಲೇ ಇದ್ದಾಳೆ. ಫೋನ್ ಹೊಡೆದುಕೊಂಡರೆ ಈಗಲೂ ಅಂಗೈ ಒರೆಸಿಕೊಳ್ಳುತ್ತಾಳೆ, ಆ ಗೂಟವೂ ಮೇಜಿನ ಮೇಲಿದೆ. ಒಂದು ಮಾತ್ರ ಬದಲಾಯಿತು. ಮೊನ್ನೆ ಯೂಕ್ಲಾ ರೋಡ್‌ಹೌಸಿನಲ್ಲಿ ನಿಂತು ಫೋನ್ ಹಚ್ಚಿ, ದಾರಿಯಲ್ಲಿ ಮಗುಚಿ ಬಿದ್ದಿದ್ದ ಒಂದು ಲಾರಿಯ ಕತೆ ಹೇಳುತ್ತಿದ್ದೆ. ಡ್ರೈವರ್ ನನ್ನ ವಯಸ್ಸಿನವನು. ಹೇಳುತ್ತಾ ಹೇಳುತ್ತಾ ಆ ಕಡೆ ಏನೂ ಸದ್ದಿಲ್ಲ ಅಂತ ಗೊತ್ತಾಯಿತು. ಸುತ್ತ ಬಯಲು, ಗಾಳಿ, ಕಿವಿಗೆ ಹಿಡಿದ ಫೋನು. ಲೈನು ಕಡಿದುಹೋಯಿತೋ, ಇವಳಿಗೇ ಏನಾದರೂ ಆಯಿತೋ ಅಂತ ಕೂಗಿದೆ.

‘ಲೇ ಕನಕ! ಇದ್ದೀಯೇನೆ?’

‘ಇದ್ದೀನಣ್ಣ. ಕೇಳಿಸ್ಕೊಳ್ತಾ ಇದೀನಿ.’

‘ಮತ್ತೆ ಹೂಂ ಅನ್ನೋಕೇನು ರೋಗ?’

‘ನೀನು ಪೂರ್ತಿ ಹೇಳು ಮೊದಲು. ಯಾವುದಕ್ಕೆ ಹೂಂ ಅಂತ ಆಮೇಲೆ ನೋಡೋಣ.’

ಪೂರ್ತಿ ಹೇಳಿದೆ. ಆ ಸದ್ದಿಲ್ಲದ ಫೋನಿಗೆ, ಗೋಡೆಗೆ ಹೇಳಿದ ಹಾಗೆ, ಮಧ್ಯೆ ಮಧ್ಯೆ ‘ಇದ್ದೀಯಾ? ಇದ್ದೀಯಾ?’ ಅಂತ ಕೇಳಿಕೊಳ್ಳುತ್ತಾ.